ಎರಡನೆಯ ಖಾನೆಯ ದನಿ

ನನ್ನ ಮನೆಯ ಬಟ್ಟೆ ಒಗೆಯುವ ಯಂತ್ರಕ್ಕೆ ಒಂದು ಚಾಳಿಯಿದೆ. ಗುಂಡಿ ಒತ್ತಿದ ಕೂಡಲೇ ಅದು ಕೆಲಸ ಶುರುಮಾಡುವುದಿಲ್ಲ. ಒಳಗಿನ ಡಬ್ಬಿ ಗರ್ರ್ ಎಂದು ಅರ್ಧ ಸುತ್ತು ತಿರುಗುತ್ತದೆ, ನಿಲ್ಲುತ್ತದೆ, ಕಟಕ್ ಎಂದು ಏನೋ ಒಂದು ತನ್ನ ಜಾಗದಲ್ಲಿ ಕೂತ ಸದ್ದಾಗುತ್ತದೆ, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ನಾನು ಕೈಯಲ್ಲಿದ್ದುದನ್ನು ಬಿಟ್ಟು ನಿಂತುಬಿಡುತ್ತೇನೆ. ಈಗ ಯಾರೋ ಮಾತಾಡುತ್ತಾರೆ ಅನ್ನಿಸುತ್ತದೆ. ಯಾರೂ ಮಾತಾಡುವುದಿಲ್ಲ, ನೀರು ಬೀಳುತ್ತದೆ, ನಾನು ಪಲ್ಯಕ್ಕೆ ಹೆಚ್ಚುವುದನ್ನು ಮುಂದುವರಿಸುತ್ತೇನೆ. ನಿಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಟಿ.ವಿ. ಕೆಳಗೆ ಒಂದು ಡಿ.ವಿ.ಡಿ. ಪ್ಲೇಯರ್ ಇದ್ದಿರಬಹುದು, ಅದರ ಮೇಲೊಂದು ಕಸೂತಿ ಬಟ್ಟೆ ಹೊದಿಸಿರಬಹುದು. ಆದರೆ ಅದು ಬಹುಶಃ ಒಂದೇ ಸಿ.ಡಿ. ನುಂಗುವಂಥದ್ದು. ನಮ್ಮದು ಐದು ಸಿ.ಡಿ.ಯದು. ಬಾಯಿ ತೆರೆದರೆ ಊಟದ ತಟ್ಟೆಯಷ್ಟು ಅಗಲದ ಟ್ರೇ ಹೊರಗೆ ಬರುತ್ತಿತ್ತು, ಅದರಲ್ಲಿ ಐದು ಗುಂಡನೆಯ ಖಾನೆಗಳು. ಒಂದು ಮುಗಿದರೆ ಟ್ರೇ ಒಳಗೊಳಗೇ ತಿರುಗಿ ಮುಂದಿನದನ್ನು ತಾನೇ ಹಾಡಿಸುತ್ತಿತ್ತು. ಹಾಗೆ ತಿರುಗುವಾಗಿನ ಸದ್ದೇ ಈ ಗರ್ರ್ ಮತ್ತು ಕಟಕ್.

ಆ ಮನೆ ಇದ್ದದ್ದು ಹೊನ್ನಾಳಿಯಲ್ಲಿ. ಮುಂದೆ ಮಂಡಕ್ಕಿ ಭಟ್ಟಿ, ಹಿಂದೆ ಮನೆ, ನಡುವೆ ಒಂದು ಅಂಗಳ. ಹೊಟ್ಟು ಹಾಕಿ ಉರಿಸುವ ಒಲೆ, ಅದರ ಮೇಲೆ ಅಗಲವಾದ ಕಬ್ಬಿಣದ ಬಾಣಲೆ, ಬಾಣಲೆಯಲ್ಲಿ ಕಾದ ಮರಳು. ಉಪ್ಪುನೀರು ತೋರಿಸಿ ಇಟ್ಟಿದ್ದ ಅಕ್ಕಿಯನ್ನು ಮರಳಿಗೆ ಹಾಕಿದರೆ ಸಾಕು, ಚಟಚಟನೆ ಅರಳಿ ಬಾಣಲೆಯೆಲ್ಲ ಬೆಳ್ಳಗಾಗುತ್ತಿತ್ತು. ನಮ್ಮ ಮನೆಯ ಹಾಸಿಗೆ, ಬಟ್ಟೆ, ನನ್ನ ಶಾಲೆಯ ಚೀಲ ಎಲ್ಲಕ್ಕೂ ಆ ಹುರಿದ ವಾಸನೆ. ಗೆಳತಿಯರು ನನ್ನನ್ನು ಮಂಡಕ್ಕಿ ಸುಮ ಎಂದೇ ಕರೆಯುತ್ತಿದ್ದರು. ನನಗೆ ಅದರಲ್ಲಿ ಬೇಸರವೇನೂ ಇರಲಿಲ್ಲ, ಎದುರು ಮನೆಯ ಹುಡುಗಿಯನ್ನು ಸೀಮೆಎಣ್ಣೆ ರೇಖಾ ಅನ್ನುತ್ತಿದ್ದರು.

ಭಟ್ಟಿಯ ಯಜಮಾನ ನನ್ನ ಅಜ್ಜ, ರುದ್ರಪ್ಪ. ಹರೆಯದಿಂದಲೂ ಹೊಗೆಯ ಮುಂದೆ ನಿಂತು ನಿಂತು ಅವನ ಗಂಟಲು ಕೂತುಹೋಗಿತ್ತು. ಮಾತಾಡಿದರೆ ಕಾಗದ ಉಜ್ಜಿದ ಹಾಗೆ ಸಣ್ಣ ಸದ್ದು ಬರುತ್ತಿತ್ತು, ಹತ್ತಿರ ನಿಂತವರಿಗಷ್ಟೇ ಕೇಳುವಂಥದ್ದು. ಅದಕ್ಕೇ ಅವನು ಮಾತಾಡುವುದನ್ನೇ ಬಿಟ್ಟಿದ್ದ ಎಂದು ಅಜ್ಜಿ ಹೇಳುತ್ತಿದ್ದಳು. ಅವನು ಬಿಟ್ಟ ಮಾತನ್ನೆಲ್ಲ ಅಜ್ಜಿ ಎತ್ತಿಕೊಂಡಿದ್ದಳು ಎಂದು ಅಪ್ಪ ಹೇಳುತ್ತಿದ್ದ. ಅಜ್ಜ ಏನಿದ್ದರೂ ಮಾಡಿ ತೋರಿಸುವವನು. ಒಂದು ಬಾಣಲೆ ಹುರಿದು ಜರಡಿಗೆ ಸುರಿದ ಮೇಲೆ, ನಾಲ್ಕು ಕಾಳು ಎತ್ತಿ ಬಾಯಿಗೆ ಎಸೆದುಕೊಳ್ಳುತ್ತಿದ್ದ. ಹದ ತಪ್ಪಿದ್ದರೆ ಪಕ್ಕಕ್ಕೆ ಥೂ ಎಂದು ಉಗಿಯುತ್ತಿದ್ದ. ಹದವಾಗಿದ್ದರೆ ಇನ್ನೊಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡು ಬೆನ್ನು ತಿರುಗಿಸಿ ಕೈ ತೊಳೆಯಲು ನಡೆಯುತ್ತಿದ್ದ. ಆ ಎರಡನೆಯ ಹಿಡಿ ಬಿತ್ತು ಅಂದರೆ ಭಟ್ಟಿಯ ಆಳುಗಳೂ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಳ್ಳುತ್ತಿದ್ದರು. ಜೇಬಿನಲ್ಲೂ ಸದಾ ಒಂದಷ್ಟು ಮಂಡಕ್ಕಿ ಇರುತ್ತಿತ್ತು. ಅಂಗಿ ಒಗೆಯುವಾಗ ಅಮ್ಮ ಗೊಣಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಗಿರಿಜತ್ತೆ ಅಜ್ಜನ ಒಬ್ಬಳೇ ಮಗಳು, ನಮ್ಮಪ್ಪನ ತಂಗಿ. ಅವಳನ್ನು ಜಗಳೂರಿಗೆ ಕೊಟ್ಟರು. ಮದುವೆ ನಮ್ಮೂರಲ್ಲೇ ಆಯಿತು. ಸಂಜೆ ಹೆಣ್ಣು ಕಳಿಸುವ ಹೊತ್ತಿಗೆ ಜಗಳೂರಿನವರ ಬಸ್ಸು ಛತ್ರದ ಮುಂದೆ ಗುರುಗುಟ್ಟುತ್ತಿತ್ತು, ವಾಲಗದವರು ಇದೇ ಕೊನೆಯ ಅವಕಾಶವೆಂಬಂತೆ ಊದುತ್ತಿದ್ದರು, ಅಜ್ಜಿ ಗೋಳೋ ಎಂದು ಅಳುತ್ತಿದ್ದಳು. ಅಜ್ಜ ಗುಂಪಿನ ನಡುವಿಂದ ಬಂದು ಮಗಳ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಅತ್ತೆ ತಲೆಯಾಡಿಸಿದಳು. ಬಸ್ಸು ಹೋಯಿತು. ಗುಂಪಿನ ಹಿಂದೆ ಬೆಂಚಿನ ಮೇಲೆ ಹತ್ತಿ ನಿಂತಿದ್ದ ನನಗೆ ಕಂಡದ್ದು ಅಜ್ಜನ ಬೆನ್ನು ಮಾತ್ರ. ಮದುವಣಗಿತ್ತಿ ತವರಿಗೆ ಮೊದಲ ಸಲ ಬರುವ ಶಾಸ್ತ್ರಕ್ಕೂ ಮುಂಚೆಯೇ ಒಂದು ಬೆಳಿಗ್ಗೆ ಅಜ್ಜ ಭಟ್ಟಿಯ ಕಟ್ಟೆಯ ಮೇಲೆ ಕೂತಲ್ಲೇ ಒರಗಿಕೊಂಡ. ಎದೆ ಹಿಡಿದುಕೊಂಡಿತಂತೆ. ಅತ್ತೆ ಅರಿಸಿನದ ಮೈಯಲ್ಲೇ ಮಣ್ಣಿಗೆ ಬಂದಳು.

ಮದುವೆಯ ವಿಡಿಯೋ ಮಾಡಿದವನು ಸಿ.ಡಿ. ಕೊಡಲು ತಿಂಗಳುಗಟ್ಟಲೆ ಸತಾಯಿಸಿದ. ಕೊಟ್ಟಾಗ ಅದನ್ನು ಹಾಕಿ ನೋಡಲು ಮನೆಯಲ್ಲಿ ಯಂತ್ರವೇ ಇರಲಿಲ್ಲ. ಮಂಜು ಚಿಕ್ಕಪ್ಪ, ಅಪ್ಪನ ತಮ್ಮ, ದಾವಣಗೆರೆಗೆ ಹೋಗಿ ಈ ಐದು ಖಾನೆಯ ಯಂತ್ರವನ್ನು ತಂದ. ಒಂದರದ್ದು ತರಬಾರದಿತ್ತಾ ಎಂದು ಅಪ್ಪ ಕೇಳಿದ್ದಕ್ಕೆ, “ಮನ್ಯಾಗೆ ಐದು ಜನ ಅದೀವಿ, ಐದು ಖಾನೆ ಐತೆ. ಒಬ್ಬರಿಗೊಂದು. ನಾಳೆ ಯಾರೂ ಯಾರ ಜೊತೆಗೂ ಜಗಳ ಆಡಂಗಿಲ್ಲ,” ಎಂದ. ಅವನ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ. ಮೊದಲ ಖಾನೆ ಅಜ್ಜಿಯದು, ಅದರಲ್ಲಿ ಮದುವೆಯ ಸಿ.ಡಿ. ಎರಡನೆಯದು ಯಂತ್ರ ತಂದವನದು, ಅದರಲ್ಲಿ ಹೊಡೆದಾಟದ ಸಿನಿಮಾ. ಆಮೇಲೆ ಅಪ್ಪನ ಕಂಪನಿ ನಾಟಕ, ಅಮ್ಮನ ಅಳುವ ಸಿನಿಮಾ, ಕೊನೆಗೆ ನನ್ನ ಕಾರ್ಟೂನು. ಜಗಳಕ್ಕೆ ಬೇರೆ ಕಾರಣಗಳು ಸಿಕ್ಕವು, ಅದು ಬೇರೆ ಮಾತು.

ಹೊಸದಾಗಿ ಮನೆಗೆ ಬಂದ ಯಾವುದನ್ನೂ ಅಜ್ಜಿ ಪೂಜೆ ಮಾಡದೆ ಮುಟ್ಟಗೊಡುತ್ತಿರಲಿಲ್ಲ. ಮಿಕ್ಸಿಗೆ ವಿಭೂತಿ ಹಚ್ಚಿದ್ದಳು, ಗ್ಯಾಸ್ ಸಿಲಿಂಡರಿಗೆ ಹಚ್ಚಿದ್ದಳು, ಅಪ್ಪನ ಕನ್ನಡಕದ ಡಬ್ಬಿಗೂ ಹಚ್ಚಿದ್ದಳು. ಅಂದು ಯಂತ್ರವನ್ನು ಮಣೆಯ ಮೇಲಿಟ್ಟು ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕುಂಕುಮ ಇಟ್ಟು, ಒಂದು ದಾಸವಾಳ ಸಿಕ್ಕಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಚಿಕ್ಕಪ್ಪ ಟಿ.ವಿ. ಹಿಂದೆ ತಲೆ ತೂರಿಸಿ ವೈರು ಸಿಕ್ಕಿಸುತ್ತಿದ್ದಾಗ ಅಜ್ಜಿಯ ಕಣ್ಣು ಮದುವೆಯ ಸಿ.ಡಿ. ಮೇಲೆ ಬಿತ್ತು. ಅದರ ಒಂದು ಕಡೆ ವಧೂವರರ ಫೋಟೋ ಅಚ್ಚಾಗಿತ್ತು. ಹೊಸ ಜೋಡಿಯ ಮುಖದ ಮೇಲೆ ಬೂದಿ ಎಳೆಯುವುದು ಸರಿಯಲ್ಲ ಎಂದು ಅವಳು ಅದನ್ನು ಮಗುಚಿದಳು. ಈ ಕಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದರಲ್ಲಿ ಅವಳ ಮುಖವೇ ಕಂಡಿತು. ಮುಖ ಕಾಣುವ ಕಡೆಯೇ ಮುಖ ಎಂದುಕೊಂಡು, ಬೆರಳು ಒದ್ದೆ ಮಾಡಿಕೊಂಡು, ಮೂರು ಗೆರೆ ಚೆನ್ನಾಗಿ ಒತ್ತಿ ಎಳೆದಳು. ನಾನು ಪಕ್ಕದಲ್ಲೇ ಕೂತು ಘಂಟೆ ಬಾರಿಸುತ್ತಿದ್ದೆ. ನನಗೂ ಅದು ಸರಿಯಾಗಿಯೇ ಕಂಡಿತು.

ವೈರು ಸಿಕ್ಕಿಸಿ ಎದ್ದ ಚಿಕ್ಕಪ್ಪ ಅದನ್ನು ನೋಡಿ, “ಅಯ್ಯಯ್ಯೋ, ಏನ್ ಮಾಡಿದ್ಯವ್ವ!” ಎಂದು ಹೆಗಲ ಮೇಲಿನ ಟವೆಲ್ಲಿನಿಂದ ಗಸಗಸನೆ ಒರೆಸಿದ. ಹೆಂಗಸರು ಹಂಚು ತಿಕ್ಕುವ ಹಾಗೆ ಗುಂಡಗೆ, ಸುತ್ತು ಸುತ್ತು ಒರೆಸಿದ. ವಿಭೂತಿ ಒಣಗಿ ಗರಿಗರಿಯಾಗಿತ್ತು. ಟವೆಲ್ಲು ಭಟ್ಟಿಯದು, ಅದರಲ್ಲಿ ಮರಳು ಇಲ್ಲದಿರುತ್ತದೆಯೇ. ಸಿ.ಡಿ.ಯ ಅಂಚಿನ ಹತ್ತಿರ ಕಮಾನಿನಂತೆ ಸಣ್ಣ ಗೀರುಗಳು ಬಿದ್ದವು. ಅಜ್ಜಿ ತಾನು ಹಚ್ಚಿದ್ದರಿಂದ ಏನೂ ಆಗಿಲ್ಲ, ಇವನು ಒರೆಸಿದ್ದರಿಂದ ಆಯಿತು ಅನ್ನುತ್ತಿದ್ದಳು. ಚಿಕ್ಕಪ್ಪ ತಾನು ಒರೆಸದಿದ್ದರೆ ಯಂತ್ರವೇ ಸುಟ್ಟುಹೋಗುತ್ತಿತ್ತು ಅನ್ನುತ್ತಿದ್ದ. ಈ ವಾದ ಎಷ್ಟೋ ವರ್ಷ ನಡೆಯಿತು, ಕೊನೆಗೂ ತೀರ್ಮಾನವಾಗಲಿಲ್ಲ.

ಸಿ.ಡಿ. ಓಡಿತು. ಅರಿಸಿನ, ದೇವರು ತರುವುದು, ಧಾರೆ, ಊಟದ ಸಾಲು, ಎಲ್ಲವೂ ಬಂತು. ಜೀವ ಹೋದ ಅಜ್ಜ ಟಿ.ವಿ.ಯಲ್ಲಿ ಓಡಾಡಿದ. ಬಡಿಸುವವರ ಹಿಂದೆ ನಿಂತು ಕೈಸನ್ನೆಯಲ್ಲೇ ‘ಇಲ್ಲಿ ಪಾಯಸ, ಅಲ್ಲಿ ಅನ್ನ’ ಎಂದು ತೋರಿಸಿದ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಹೆಣ್ಣು ಕಳಿಸುವ ದೃಶ್ಯ ಬಂತು, ವಾಲಗ ಮೊಳಗಿತು. ಅಜ್ಜ ಗುಂಪಿನಿಂದ ಬಂದ, ಮಗಳ ಕಿವಿಯ ಹತ್ತಿರ ಬಗ್ಗಿದ, ಬಾಯಿ ತೆರೆದ. ಅಲ್ಲಿಗೆ ಚಿತ್ರ ನಿಂತಿತು. ಅವನ ಹೆಗಲು ಮೊದಲು, ಆಮೇಲೆ ಗಲ್ಲ, ಚೌಕ ಚೌಕವಾಗಿ ಒಡೆದುಹೋಯಿತು. ಓದಲಾಗದ ಸಿ.ಡಿ.ಯನ್ನು ಹಿಡಿದುಕೊಂಡು ಕೂರುವ ತಾಳ್ಮೆ ಆ ಯಂತ್ರಕ್ಕೆ ಇರಲಿಲ್ಲ. ಗರ್ರ್ ಎಂದಿತು, ಕಟಕ್ ಎಂದಿತು, ಎರಡನೆಯ ಖಾನೆಗೆ ಹೋಯಿತು. ಚಿಕ್ಕಪ್ಪನ ಸಿನಿಮಾದ ಖಳನಾಯಕ ಕತ್ತಲಿನಿಂದ, “ಏಯ್, ಯಾವನ್ಲಾ ಅವ್ನು!” ಎಂದು ಅಬ್ಬರಿಸಿದ.

“ಇವ್ನ ಬಾಯಿಗೆ ಮಣ್ ಹಾಕ!” ಎಂದು ಅಜ್ಜಿ ಎದ್ದೇಬಿಟ್ಟಳು. ನನಗೆ ನಗು ಬಂತು. ಅಮ್ಮ ನನ್ನ ತೊಡೆ ಚಿವುಟಿದಳು, ಆದರೆ ಅಮ್ಮನ ಭುಜವೂ ಕುಲುಕುತ್ತಿತ್ತು. ಚಿಕ್ಕಪ್ಪ ಮುಂದಕ್ಕೆ ಓಡಿಸಿ ನೋಡಿದ. ಎಷ್ಟು ಸಲ ಓಡಿಸಿದರೂ ಅದು ಒಂದೇ ಏಟಿಗೆ ಕೊನೆಗೆ ಹಾರಿ ಎರಡು ಗುಲಾಬಿ ಹೂವಿನ ನಡುವೆ ‘ವಂದನೆಗಳು’ ಎಂದು ತೋರಿಸುತ್ತಿತ್ತು. ನಮಗೆ ಕಾಣದೆ ಉಳಿದದ್ದು ಬಹಳವೇನಲ್ಲ, ಅಜ್ಜ ಬಾಯಿ ತೆರೆದಾಗಿನಿಂದ ಬಸ್ಸು ಹೊರಡುವವರೆಗಿನದು ಅಷ್ಟೇ.

ಪಂಚಮಿಗೆ ಗಿರಿಜತ್ತೆ ತವರಿಗೆ ಬಂದಾಗ ಎಲ್ಲರಿಗೂ ಒಂದೇ ಪ್ರಶ್ನೆ. ಚಿಕ್ಕಪ್ಪ, “ಯಂತ್ರ ಹೇಳದಿದ್ರೇನು, ನೀನೇ ಹೇಳು. ಅಪ್ಪ ನಿನ್ನ ಕಿವಿಯಾಗೆ ಏನಂದ?” ಎಂದು ಕೇಳಿದ. ಅತ್ತೆ ತಂಬಿಟ್ಟಿನ ಉಂಡೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. “ಸಿ.ಡಿ.ಯಾಗೆ ಬರ್ತೈತೆ ಅಂತ ನಾನೂ ಕಾಯ್ತಿದ್ದೆ ಕಣೋ,” ಎಂದಳು. “ನಂಗೂ ಕೇಳಿಸ್ಲಿಲ್ಲ. ವಾಲಗದೋರು ಕಿವಿ ಮೇಲೇ ಊದ್ತಿದ್ರು. ಅಪ್ಪನ ದನಿ ಗೊತ್ತಲ್ಲ. ಇನ್ನೊಂದ್ಸಲ ಹೇಳಪ್ಪ ಅನ್ನಾಕೆ ನಾಚಿಕೆ ಆತು, ಅಷ್ಟು ಜನ ನಿಂತಿದ್ರು. ಕೇಳ್ಸಿದಂಗೆ ಗೋಣು ಹಾಕಿಬಿಟ್ಟೆ.” ಆಮೇಲೆ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಅವಳು ಅತ್ತದ್ದನ್ನು ನಾನು ಬಾಗಿಲ ಸಂದಿನಿಂದ ಕೇಳಿದೆ. “ಅತ್ಗೆ, ಮಾಡು ಅಂದ್ನೋ ಮಾಡಬ್ಯಾಡ ಅಂದ್ನೋ ಗೊತ್ತಿಲ್ಲ. ಯಾವ್ದುಕ್ಕೆ ಹೂಂ ಅಂದೆ ಅಂತ ಗೊತ್ತಿಲ್ದೇ ಸಂಸಾರ ಮಾಡ್ತಿದೀನಿ.” ಅಮ್ಮ, “ಮಾವೋರು ಇನ್ನೇನು ಅಂದಿರ್ತಾರೆ, ಚೆನ್ನಾಗಿರು ಅಂದಿರ್ತಾರೆ ಬಿಡು,” ಎಂದಳು. ಅತ್ತೆ, “ಚೆನ್ನಾಗಿರು ಅನ್ನಾಕೆ ಅಪ್ಪ ಅಷ್ಟು ದೂರ ಜನ ತಳ್ಳಿಕೊಂಡು ಬರೋನಲ್ಲ,” ಎಂದಳು. ಅವಳ ಮಾತು ನಿಜವಾಗಿತ್ತು. ಅಜ್ಜನಿಗೆ ಗಂಟಲು ಖರ್ಚು ಮಾಡುವಂಥ ಕಾರಣ ಇದ್ದರೆ ಮಾತ್ರ ಮಾತು.

ಆ ಸಿ.ಡಿ.ಗೆ ಮಾಡದ ಔಷಧಿಯಿಲ್ಲ. ಅತ್ತೆಯೇ ಕೂತು ಹಲ್ಲುಜ್ಜುವ ಪೇಸ್ಟು ಹಚ್ಚಿ ಹತ್ತಿಯಿಂದ ಒರೆಸಿದಳು, ಯಾರೋ ಹೇಳಿದರೆಂದು ಬಾಳೆಹಣ್ಣಿನ ಸಿಪ್ಪೆ ತಿಕ್ಕಿದಳು, ಇನ್ಯಾರೋ ಹೇಳಿದರೆಂದು ಕೊಬ್ಬರಿ ಎಣ್ಣೆ ಸವರಿದಳು. ಎಣ್ಣೆ ಹಚ್ಚಿದ ದಿನ ಅದು ಧಾರೆಗೂ ಹೋಗದೆ ಅರಿಸಿನದಲ್ಲೇ ನಿಂತಿತು. ವಿಡಿಯೋದವನ ಹತ್ತಿರ ಹೋದರೆ ಅವನು ಆ ಟೇಪಿನ ಮೇಲೆ ಬೇರೆ ಮದುವೆಗಳನ್ನು ತೆಗೆದು ಎಷ್ಟೋ ಕಾಲವಾಗಿತ್ತು. ಬೀಗರ ಕಡೆಗೆ ಕೊಟ್ಟಿದ್ದ ಇನ್ನೊಂದು ಪ್ರತಿಯ ಗತಿ ಎಲ್ಲ ಮದುವೆ ಸಿ.ಡಿ.ಗಳ ಗತಿಯೇ. ‘ನೋಡಿ ಕೊಡ್ತೀವಿ’ ಎಂದು ಒಬ್ಬರು ಒಯ್ದರು, ಅವರ ಕೈಯಿಂದ ಇನ್ನೊಬ್ಬರು, ಆಮೇಲೆ ಯಾರ ಮನೆಯ ಕಪಾಟಿನಲ್ಲಿ ಕೂತಿತೋ ಯಾರಿಗೂ ಗೊತ್ತಿಲ್ಲ. ಅತ್ತೆಯ ಗಂಡ ಪಾಪ ನಾಲ್ಕಾರು ಕಡೆ ಕೇಳಿದರು. ಕೇಳಿದ ಕಡೆಯೆಲ್ಲ ಚಹಾ ಕೊಟ್ಟು ಕಳಿಸಿದರು.

ಅಷ್ಟರಲ್ಲಿ ನಮ್ಮ ಮನೆಯಲ್ಲಿ ಬೇರೊಂದು ಪದ್ಧತಿ ಶುರುವಾಗಿತ್ತು. ಆ ಖಳನಾಯಕನ ಘಟನೆ ಆದ ಮೇಲೆ ಚಿಕ್ಕಪ್ಪನಿಗೆ ಎರಡನೆಯ ಖಾನೆ ತಪ್ಪಿತು, ಅಲ್ಲಿಗೆ ಅಪ್ಪನ ನಾಟಕ ಬಂತು. ಮುಂದಿನ ಸಲ ಅಜ್ಜ ಬಗ್ಗಿ ಬಾಯಿ ತೆರೆದಾಗ, ಚಿತ್ರ ಒಡೆದು, ಗರ್ರ್ ಕಟಕ್ ಆಗಿ, ಹಾರ್ಮೋನಿಯಂ ಸದ್ದಿನ ಹಿಂದೆ ಒಬ್ಬ ಗಂಭೀರವಾಗಿ, “ಮಹಾಜನರೇ, ದಯಮಾಡಿ ಗದ್ದಲ ಮಾಡದೆ ಕುಳಿತುಕೊಳ್ಳಿ,” ಎಂದ. ಅಜ್ಜಿ ಗಕ್ಕನೆ ನಮ್ಮ ಕಡೆ ತಿರುಗಿ, “ನೋಡ್ರಿ! ಭಟ್ಟಿಯಾಗೂ ಇದನ್ನೇ ಅಂತಿದ್ರು!” ಎಂದಳು. ಅವಳು ತಮಾಷೆಗೆ ಹೇಳಿದಳೋ ನಿಜಕ್ಕೂ ಹೇಳಿದಳೋ ಇಂದಿಗೂ ನನಗೆ ತಿಳಿದಿಲ್ಲ. ಆದರೆ ಅಂದಿನಿಂದ ಅವಳು ಮನೆಯ ಯಾವ ಮಾತಿದ್ದರೂ ಅಜ್ಜನನ್ನು ಕೇಳತೊಡಗಿದಳು. ನಮ್ಮ ಕಡೆ ದೇವರ ತಲೆಯ ಮೇಲೆ ಹೂವಿಟ್ಟು, ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ ಎಂದು ಪ್ರಸಾದ ಕೇಳುತ್ತಾರಲ್ಲ, ಅದೇ ಭಕ್ತಿ. ಮಧ್ಯಾಹ್ನ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು, ಮದುವೆಯ ಸಿ.ಡಿ. ಹಾಕಿಸಿ, ಹೆಣ್ಣು ಕಳಿಸುವಲ್ಲಿಗೆ ಬಂದಾಗ ಬಾಯಿ ಕಟ್ಟಿ ಕೂರುತ್ತಿದ್ದಳು. ಅಜ್ಜ ಬಾಯಿ ತೆರೆಯುತ್ತಿದ್ದ, ಎರಡನೆಯ ಖಾನೆ ಉತ್ತರ ಹೇಳುತ್ತಿತ್ತು. ಒಮ್ಮೆ ನನ್ನ ಕಾರ್ಟೂನು ಅಲ್ಲಿ ಸೇರಿ ಬಾತುಕೋಳಿಯೊಂದು ಕ್ವಾಕ್ ಕ್ವಾಕ್ ಎಂದಾಗ ಮಾತ್ರ, “ಇದು ಅವ್ರಲ್ಲ,” ಎಂದು ತಳ್ಳಿಹಾಕಿದಳು.

ಚಿಕ್ಕಪ್ಪನಿಗೆ ನ್ಯಾಮತಿಯ ಹೆಣ್ಣು ನೋಡಿದಾಗ ಈ ಪದ್ಧತಿ ಪರೀಕ್ಷೆಗೆ ಬಿತ್ತು. ಎಲ್ಲ ಒಪ್ಪಿಗೆಯಾಗಿತ್ತು, ಆದರೆ ಹುಡುಗಿ ಚಿಕ್ಕಪ್ಪನಿಗಿಂತ ಎತ್ತರ ಎಂದು ಅಜ್ಜಿ ಮೂತಿ ತಿರುವುತ್ತಿದ್ದಳು. “ಅವ್ರನ್ನೇ ಕೇಳಾನ ಬಿಡು,” ಎಂದಳು. ಚಿಕ್ಕಪ್ಪನಿಗೆ ಹುಡುಗಿ ಮೆಚ್ಚಿಗೆಯಾಗಿದ್ದಳು, ಅವನು ದೈವದ ಕೈಗೆ ಬಿಡುವ ಆಸಾಮಿಯಲ್ಲ. ಪೇಟೆಗೆ ಹೋಗಿ ಮದುವೆಯ ಹಾಡುಗಳ ಸಿ.ಡಿ. ತಂದು ಎರಡನೆಯ ಖಾನೆಯಲ್ಲಿ ಕೂರಿಸಿದ. ಅಜ್ಜ ಬಾಯಿ ತೆರೆದ, ಮಂಗಳವಾದ್ಯ ಮೊಳಗಿತು. ಅಜ್ಜಿ ಮಗನನ್ನು ಓರೆಗಣ್ಣಿನಿಂದ ನೋಡಿದಳು. “ನಿಮ್ಮಪ್ಪ ಜೀವ ಇದ್ದಾಗ ಯಾವ್ದುಕ್ಕೂ ಇಷ್ಟು ಬೇಗ ಹೂಂ ಅಂದೋರಲ್ಲ. ಖಾನಿಗೆ ಕೈ ಹಾಕೀಯಲ್ಲ ಕಳ್ಳ ನನ್ಮಗನೆ,” ಎಂದಳು. ಆದರೂ ಒಪ್ಪಿದಳು. ಚಿಕ್ಕಮ್ಮ ಮನೆಗೆ ಬಂದ ಮೇಲೆ ಬಲ್ಬು ಬದಲಿಸುವುದು, ಅಟ್ಟದಿಂದ ಪಾತ್ರೆ ಇಳಿಸುವುದು ಎಲ್ಲ ಅವಳದೇ ಕೆಲಸವಾಯಿತು. ಅಜ್ಜಿ ಅವಳನ್ನು ಊರಿಗೆಲ್ಲ ಹೊಗಳಿಕೊಂಡು ತಿರುಗಿದಳು.

ಗಿರಿಜತ್ತೆ ಮಾತ್ರ ಈ ಆಟಕ್ಕೆ ಎಂದೂ ಸೇರಲಿಲ್ಲ. ಪ್ರತಿ ಪಂಚಮಿಗೆ ಬಂದಾಗಲೂ ಒಂದು ಸಲ ಸಿ.ಡಿ. ಹಾಕಿಸುತ್ತಿದ್ದಳು. ಅಜ್ಜನ ಮುಖ ಒಡೆಯುವವರೆಗೆ ನೋಡಿ, ಟ್ರೇ ತಿರುಗುವ ಸದ್ದು ಶುರುವಾಗುವ ಮೊದಲೇ ಎದ್ದು ಹೋಗುತ್ತಿದ್ದಳು. ಎರಡನೆಯ ಖಾನೆಯ ದನಿ ಕಿವಿಗೆ ಬೀಳಬಾರದು ಎಂದು ಅವಳು ಹಿತ್ತಲಿಗೆ ಹೋಗಿ ಕೊಡಪಾನ ತಿಕ್ಕುತ್ತಿದ್ದಳು. ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು. ಅವಳ ಸಂಸಾರದಲ್ಲಿ ಹೇಳಿಕೊಳ್ಳುವಂಥ ಕಷ್ಟವೇನೂ ಇರಲಿಲ್ಲ. ಗಂಡ ಒಳ್ಳೆಯವರು, ಅತ್ತೆ ಮಾವ ಸಾಮಾನ್ಯದವರು. ಆದರೆ ಒಂದು ಜಗಳವಾದರೆ, ಒಂದು ಮಗು ಹುಷಾರು ತಪ್ಪಿದರೆ, ಅಪ್ಪ ಇದನ್ನೇ ಹೇಳಿದ್ದನೇನೋ, ನಾನೇ ಕೇಳಿಸಿಕೊಳ್ಳಲಿಲ್ಲವೇನೋ ಎಂದು ಹಚ್ಚಿಕೊಂಡು ಕೂರುತ್ತಿದ್ದಳು. ನನಗೆ ಬುದ್ಧಿ ಬಂದ ಮೇಲೆ ಅದನ್ನು ನೋಡಿ ಸಂಕಟವಾಗುತ್ತಿತ್ತು. ಮಕ್ಕಳಿಗೆ ಇಂಥದ್ದನ್ನು ನೋಡಿ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ, ನಾನು ಅವಳ ಪಕ್ಕ ಕೂತು ನೀರು ಸುರಿಯುತ್ತಿದ್ದೆ.

ಯಂತ್ರಕ್ಕೂ ಒಂದು ದಿನ ಬಾಯಿ ಕಟ್ಟಿತು. ಟ್ರೇ ಅರ್ಧ ಹೊರಗೆ ಬಂದು ನಾಲಿಗೆಯ ಹಾಗೆ ನಿಂತುಬಿಟ್ಟಿತು. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಮೊಬೈಲು ಬಂದಿತ್ತು, ಒಬ್ಬೊಬ್ಬರದೂ ಒಂದೊಂದು ಮೂಲೆ, ಒಂದೇ ಟ್ರೇಯಲ್ಲಿ ಐವರು ಕೂರುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಅಜ್ಜಿ ಆ ಯಂತ್ರಕ್ಕೆ ಪ್ರತಿ ಆಯುಧಪೂಜೆಗೂ ವಿಭೂತಿ ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಆಮೇಲೆ ಅಜ್ಜಿಯೂ ಹೋದಳು. ಕೊನೆಯ ದಿನಗಳಲ್ಲಿ ಅವಳೂ ಮಾತು ಕಡಿಮೆ ಮಾಡಿದ್ದಳು, ಅದೇ ನಮಗೆ ಅವಳು ಹೋಗುತ್ತಾಳೆಂಬ ಸೂಚನೆ. ಭಟ್ಟಿಯ ಹೊಗೆ ಊರೊಳಗೆ ಬೇಡ ಎಂದು ಸುತ್ತಲಿನವರು ಹೇಳತೊಡಗಿದರು, ಅಪ್ಪನಿಗೂ ಒಲೆಯ ಮುಂದೆ ನಿಲ್ಲುವ ಶಕ್ತಿ ಇರಲಿಲ್ಲ. ಬಾಣಲೆ ಗುಜರಿಗೆ ಹೋಯಿತು. ಮನೆ ಇದ್ದ ಜಾಗದಲ್ಲಿ ಈಗ ಟೈಲ್ಸ್ ಮಾರುವ ಅಂಗಡಿಯಿದೆ. ಮೊನ್ನೆ ಬಸ್ಸಿನಲ್ಲಿ ಅದರ ಮುಂದೆ ಹಾದುಹೋಗುವಾಗ ಕಿಟಕಿ ಸರಿಸಿ ಗಾಳಿಗೆ ಮೂಗು ಒಡ್ಡಿದೆ. ಡೀಸೆಲ್ ವಾಸನೆ ಬಂತು, ಇನ್ನೇನು ಬರಬೇಕಿತ್ತು.

ನಾನು ನ್ಯಾಮತಿಯಲ್ಲಿ ಶಾಲೆಯ ಟೀಚರು. ಕಳೆದ ಬೇಸಿಗೆಯಲ್ಲಿ ಚನ್ನಗಿರಿಯಲ್ಲಿ ಒಂದು ಮದುವೆಗೆ ಹೋಗಿದ್ದಾಗ, ಗಿರಿಜತ್ತೆಯ ಗಂಡನ ಕಡೆಯ ಒಬ್ಬ ಮುದುಕಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತರು. ಉಬ್ರಾಣಿ ಊರಿನವರು. ಯಾರ ಮಗಳು, ಯಾರ ಮೊಮ್ಮಗಳು ಎಂದು ವಿಚಾರಿಸಿ, ಕೈ ತೊಳೆದ ಮೇಲೆ, “ಅವ್ವಾ, ಸುಣ್ಣ ಬಳಿಯಾಕೆ ಕಪಾಟು ಸರಿಸಿದ್ವಿ. ನಿಮ್ಮತ್ತೆ ಮದುವೆ ಸೀಡಿ ಹಿಂದೆ ಬಿದ್ದಿತ್ತು. ಈ ಮದುವೆಗೆ ನಿಮ್ಮೋರು ಯಾರಾರ ಬಂದೇ ಬರ್ತಾರೆ ಅಂತ ತಂದೀನಿ. ಕೊಟ್ಟಿಲ್ಲ ಅಂತ ಅನ್ಕಂಡಿರ್ತೀರಿ,” ಎಂದು ಚೀಲದಿಂದ ಒಂದು ಕವರು ತೆಗೆದುಕೊಟ್ಟರು. ಅದೇ ವಧೂವರರ ಫೋಟೋ. ಮಗುಚಿ ನೋಡಿದೆ. ಒಂದು ಗೀರಿಲ್ಲ. ನನ್ನ ಮುಖ ಕಂಡಿತು.

ಹಾಕಿ ನೋಡೋಣವೆಂದರೆ ಈಗ ಯಾರ ಮನೆಯಲ್ಲೂ ಅದಕ್ಕೊಂದು ಬಾಯಿಲ್ಲ. ನಮ್ಮ ಶಾಲೆಯ ಹಳೆಯ ಕಂಪ್ಯೂಟರೊಂದರಲ್ಲಿ ಸಿ.ಡಿ. ಹಾಕುವ ಜಾಗ ಉಳಿದಿತ್ತು. ನಮ್ಮ ಕಂಪ್ಯೂಟರ್ ಸರ್ ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. “ಸರಿಯಾಗಿ ಬಂದೈತೋ ನೋಡ್ಬಿಡ್ಲಾ ಮೇಡಂ?” ಎಂದರು. ಬೇಡ ಎಂದೆ. ನಾನು ಮೊದಲು ಕೇಳಿದರೆ ಅದು ಅವಳ ಮಾತನ್ನು ಕದ್ದ ಹಾಗೆ ಆಗುತ್ತದೆ ಅನ್ನಿಸಿತು. ಮುಂದಿನ ಭಾನುವಾರ ಬಸ್ಸು ಹತ್ತಿ ಜಗಳೂರಿಗೆ ಹೋದೆ.

ಅತ್ತೆಯ ಕೂದಲು ಪೂರಾ ಬಿಳಿಯಾಗಿದೆ, ಬಣ್ಣ ಹಚ್ಚುವ ಗೋಜಿಗೆ ಅವಳು ಹೋಗಿಲ್ಲ. ವಿಷಯ ಹೇಳಿದ ಮೇಲೆ ಅವಳು ಒಳಗೆ ಹೋಗಿ ಮುಖ ತೊಳೆದು, ಸೀರೆ ಬದಲಿಸಿ ಬಂದಳು. ನೆಂಟರ ಮನೆಗೆ ಹೊರಟವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತಳು. ಟಿ.ವಿ.ಗೆ ಸಿಕ್ಕಿಸಿ ನೇರ ಅಲ್ಲಿಗೇ ಓಡಿಸಿದೆ. ಬಸ್ಸು, ಜನ, ವಾಲಗ, ಅಜ್ಜಿಯ ಗೋಳು. ಅಜ್ಜ ಬಂದ. ಬಗ್ಗಿದ. ಬಾಯಿ ತೆರೆದ. ಚಿತ್ರ ನಿಲ್ಲಲಿಲ್ಲ. ನಾನು ಟಿ.ವಿ.ಯ ದನಿ ಹೆಚ್ಚಿಸಿದೆ. ಅಷ್ಟರಲ್ಲಿ ವಾಲಗದ ಸದ್ದು ಪೂರ್ತಿ ಮುಚ್ಚಿಹೋಗಿ ಒಂದು ಸಿನಿಮಾ ಹಾಡು ಶುರುವಾಯಿತು. ಮಗಳನ್ನು ಕಳಿಸುವ ಹಾಡು, ಆಗ ಎಲ್ಲ ಮದುವೆ ವಿಡಿಯೋಗಳಿಗೂ ಅದನ್ನೇ ಅಂಟಿಸುತ್ತಿದ್ದರು. ವಿಡಿಯೋದವನು ಕೆಳಗಿನ ಅಸಲು ಸದ್ದನ್ನೆಲ್ಲ ತೆಗೆದುಹಾಕಿದ್ದ. ಅಜ್ಜನ ತುಟಿ ಆಡುತ್ತಿತ್ತು, ಹಾಡು ಹಾಡುತ್ತಿತ್ತು. ಆ ವಿಡಿಯೋದವನನ್ನು ಅಲ್ಲೇ ಎಳೆದು ತಂದು ನಾಲ್ಕು ಬಾರಿಸಬೇಕು ಅನ್ನಿಸಿತು. ಇಷ್ಟು ವರ್ಷ ನಾವು ಪೇಸ್ಟು ಬಾಳೆಸಿಪ್ಪೆ ತಿಕ್ಕಿ ಕಾದದ್ದು ಅದರಲ್ಲಿ ಇರಲೇ ಇಲ್ಲ. ಅತ್ತೆಯ ಕಡೆ ನೋಡಲು ಧೈರ್ಯ ಸಾಲದೆ ಟಿ.ವಿ.ಯನ್ನೇ ನೋಡಿದೆ.

ಟಿ.ವಿ.ಯಲ್ಲಿ ಮದುವಣಗಿತ್ತಿ ತಲೆಯಾಡಿಸಿದಳು. ಅಜ್ಜ ಸ್ವಲ್ಪ ಹಿಂದೆ ಸರಿದು ಅವಳ ಮುಖ ನೋಡಿದ, ಜರಡಿಗೆ ಬಿದ್ದುದನ್ನು ನೋಡುವ ಹಾಗೆ. ಹೆಗಲ ಮೇಲಿನ ಶಲ್ಯದ ತುದಿಯಿಂದ ಅವಳ ಕೆನ್ನೆ ಒರೆಸಿದ. ಆಮೇಲೆ ಅವನ ಕೈ ಹೊಸ ಜುಬ್ಬದ ಜೇಬಿಗೆ ಹೋಯಿತು. ಮಗಳ ಮದುವೆಯ ದಿನವೂ ಜೇಬಿನಲ್ಲಿ ಮಂಡಕ್ಕಿ! ಒಂದು ಹಿಡಿ ಎತ್ತಿ ಬಾಯಿಗೆ ಎಸೆದುಕೊಂಡ, ಬೆನ್ನು ತಿರುಗಿಸಿದ, ಜನರ ನಡುವೆ ನಡೆದು ಹೋದ.

“ಹದ ಐತೆ ಅಂದ,” ಎಂದಳು ಅತ್ತೆ.

ನಾನು ತಿರುಗಿ ನೋಡಿದೆ. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. “ನೋಡ್ದೇನೆ ಸುಮಿ? ನಾ ಗೋಣು ಹಾಕಿದ್ದು ನೋಡಿ ಬಾಯಿಗೆ ಹಾಕ್ಕಂಡ. ಸುಳ್ಳು ಅಂತ ಅವನಿಗೆ ಗೊತ್ತಾಗ್ಲಿಲ್ಲ. ನೆಮ್ಮದಿಯಾಗಿ ಹೋದ,” ಎಂದಳು. ಅಜ್ಜನ ಮೇಲೆ, ಅಜ್ಜಿಯ ಮೇಲೆ, ಆ ಹೊಗೆಯ ಮನೆಯ ಮೇಲೆ ಇಷ್ಟೊಂದು ಪ್ರೀತಿ ನನ್ನೊಳಗೆ ಉಳಿದಿದೆಯೆಂದು ನನಗೇ ಗೊತ್ತಿರಲಿಲ್ಲ. ಟಿ.ವಿ.ಯಲ್ಲಿ ಬಸ್ಸು ಹೊರಟಿತು, ಎರಡು ಗುಲಾಬಿಗಳ ನಡುವೆ ‘ವಂದನೆಗಳು’ ಬಂತು, ಹಾಡು ಅರ್ಧಕ್ಕೇ ನಿಂತಿತು. ಪರದೆ ಕಪ್ಪಾಯಿತು. ನಾವಿಬ್ಬರೂ ಅಲುಗಾಡದೆ ಕೂತಿದ್ದೆವು. ನಾನು ಯಾವುದಕ್ಕೆ ಕಾಯುತ್ತಿದ್ದೇನೆಂದು ನನಗೆ ಗೊತ್ತಿತ್ತು, ಅವಳೂ ಅದಕ್ಕೇ ಕಾಯುತ್ತಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳು ಆ ಗರ್ರ್ ಕಟಕ್ ಸದ್ದಿಗೆ ಮುಂಚೆ ಎದ್ದು ಹೋಗಿರಲಿಲ್ಲ.

“ಇನ್ನೇನೂ ಬರಲ್ಲ ಅಲ್ವೇನೆ?” ಎಂದಳು.

“ಇಲ್ಲತ್ತೆ. ಇಷ್ಟೇ ಇರೋದು,” ಎಂದೆ.

ಅತ್ತೆ ತಲೆಯಾಡಿಸಿದಳು. ಈ ಸಲ ಕೇಳಿಸಿಕೊಂಡೇ ಆಡಿಸಿದಳು.